ಅನಾಥ ನಾಯಿಗಳಿಗೆ ಆಸರೆಯಾದ ಮೇರಿ ಟೀಲ್ಬಿ

ದಾರಿತಪ್ಪಿದ ನಾಯಿಯನ್ನು ಒಡೆಯನಿಗೆ ಮರಳಿಸುವುದು, ಒಡೆಯನಿಲ್ಲದ ನಾಯಿಗೆ ಹೊಸ ಮನೆ ಹುಡುಕಿಕೊಡುವುದು ಇಂದು ಎಷ್ಟೋ ಸಂಸ್ಥೆಗಳ ನಿತ್ಯದ ಕಾಯಕ. ಒಂದೂವರೆ ಶತಮಾನಕ್ಕೂ ಹಿಂದೆ ಇದೇ ಕೆಲಸಕ್ಕೆ ಕೈಹಾಕಿದ ಮಹಿಳೆಯೊಬ್ಬರು ಲಂಡನ್ನಿನಲ್ಲಿ ನಗೆಪಾಟಲಿಗೆ ಗುರಿಯಾಗಬೇಕಾಯಿತು. ಅವರೇ ಮೇರಿ ಟೀಲ್ಬಿ. ಜಗತ್ಪ್ರಸಿದ್ಧ ಬ್ಯಾಟರ್ಸಿ ಶ್ವಾನಗೃಹದ ಸ್ಥಾಪಕಿ.

ಮೇರಿ ಬೇಟ್ಸ್ ಜನಿಸಿದ್ದು 1801ರಲ್ಲಿ, ಇಂಗ್ಲೆಂಡಿನ ಹಂಟಿಂಗ್‌ಡನ್‌ನಲ್ಲಿ. ಹಲ್ ಪಟ್ಟಣದ ಮರದ ವ್ಯಾಪಾರಿ ರಾಬರ್ಟ್ ಟೀಲ್ಬಿ ಅವರನ್ನು ವಿವಾಹವಾದರು. ದಾಂಪತ್ಯ ಸುಖಕರವಾಗಿ ಸಾಗಲಿಲ್ಲ. ಮಕ್ಕಳಿಲ್ಲದ ಮೇರಿ ಪತಿಯಿಂದ ದೂರವಾಗಿ ಲಂಡನ್ನಿಗೆ ಬಂದು, ಪಾದ್ರಿಯಾಗಿದ್ದ ಸಹೋದರ ಎಡ್ವರ್ಡ್ ಬೇಟ್ಸ್ ಅವರ ಕುಟುಂಬದ ಆಸರೆಯಲ್ಲಿ ನೆಲೆಸಿದರು. ತಮ್ಮದೆನ್ನುವ ಮನೆಯನ್ನು ಕಳೆದುಕೊಂಡಿದ್ದ ಅವರೇ ಮುಂದೆ ಮನೆಯಿಲ್ಲದ ಮೂಕಜೀವಿಗಳಿಗೆ ಮನೆ ಕಟ್ಟಿದರು.

1860ರಲ್ಲಿ ಗೆಳತಿ ಸಾರಾ ಮೇಜರ್ ಅವರಿಗೆ ಹಸಿವಿನಿಂದ ಸಾಯುತ್ತಿದ್ದ ನಾಯಿಯೊಂದು ಬೀದಿಯಲ್ಲಿ ಸಿಕ್ಕಿತು. ಇಬ್ಬರೂ ಆರೈಕೆ ಮಾಡಿದರೂ ಅದು ಬದುಕಲಿಲ್ಲ. ಅನಂತರ ಮೇರಿ ಅಂತಹ ನಾಯಿಗಳನ್ನು ತಮ್ಮ ಮನೆಗೇ ತರತೊಡಗಿದರು. ಮನೆ ಸಾಲದಾದಾಗ ಹಾಲೋವೇ ಬಡಾವಣೆಯಲ್ಲಿ ಹಳೆಯ ಕುದುರೆಲಾಯವನ್ನು ಬಾಡಿಗೆಗೆ ಪಡೆದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಕಳೆದುಹೋದ ಹಾಗೂ ಹಸಿದ ನಾಯಿಗಳ ತಾತ್ಕಾಲಿಕ ಗೃಹ ಎಂಬ ಹೆಸರಿನಲ್ಲಿ ಸಂಸ್ಥೆ ಆರಂಭವಾಯಿತು.

ಹೆಸರಿನಲ್ಲಿದ್ದ ತಾತ್ಕಾಲಿಕ ಎಂಬ ಪದದಲ್ಲಿಯೇ ಅವರ ಯೋಜನೆಯ ಸತ್ವವಿತ್ತು. ನಾಯಿಗಳನ್ನು ಕೂಡಿಹಾಕಿ ಆಯುಷ್ಯಪೂರ್ತಿ ಸಾಕುವುದು ಅವರ ಗುರಿಯಾಗಿರಲಿಲ್ಲ. ಒಡೆಯ ಹುಡುಕಿಕೊಂಡು ಬಂದರೆ ಸಾಕಿದ ವೆಚ್ಚವನ್ನು ತೆತ್ತು ನಾಯಿಯನ್ನು ಕರೆದೊಯ್ಯಬಹುದಿತ್ತು. 14 ದಿನಗಳೊಳಗೆ ಯಾರೂ ಬಾರದಿದ್ದರೆ ನಾಯಿಯನ್ನು ಮಾರಲು ಅಥವಾ ಬೇರೆ ವ್ಯವಸ್ಥೆ ಮಾಡಲು ಸಮಿತಿಗೆ ಅಧಿಕಾರವಿತ್ತು.

ನಾಯಿಯನ್ನು ತಂದುಕೊಟ್ಟವರಿಗೆ ಬಹುಮಾನವಿಲ್ಲ ಎಂಬುದು ಇನ್ನೊಂದು ನಿಯಮ. ಅಂದಿನ ಲಂಡನ್ನಿನಲ್ಲಿ ಸಿರಿವಂತರ ನಾಯಿಗಳನ್ನು ಕದ್ದು, ಒತ್ತೆಹಣ ಪಡೆದು ಮರಳಿಸುವ ತಂಡಗಳಿದ್ದವು. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಅವರ ಮುದ್ದಿನ ನಾಯಿ ಫ್ಲಷ್ 1840ರ ದಶಕದಲ್ಲಿ ಮೂರು ಬಾರಿ ಕಳ್ಳರ ಪಾಲಾಗಿ ಹಣಕ್ಕೆ ಬಿಡುಗಡೆಯಾಗಿತ್ತು. ಬಹುಮಾನದ ಆಸೆ ತೋರಿಸಿದರೆ ಕರುಣೆಯ ಮನೆಯೇ ಕಳ್ಳರ ಸಂತೆಯಾಗುವ ಅಪಾಯವಿತ್ತು. ಮೇರಿ ಅವರದು ಬರಿಯ ಮರುಕವಲ್ಲ, ವ್ಯವಹಾರವನ್ನು ಬಲ್ಲ ಮರುಕ.

ಆದರೂ ಪತ್ರಿಕೆಗಳು ಸುಮ್ಮನಿರಲಿಲ್ಲ. ಮನುಷ್ಯರೇ ಬೀದಿಯಲ್ಲಿ ಹಸಿದಿರುವಾಗ ನಾಯಿಗಳಿಗೆ ಛತ್ರವೇ ಎಂಬ ಧಾಟಿಯಲ್ಲಿ ಟೀಕೆಗಳು ಬಂದವು. ಪ್ರತಿಷ್ಠಿತ ಟೈಮ್ಸ್ ಪತ್ರಿಕೆಯೂ ಗೇಲಿ ಮಾಡಿತು. ಪ್ರಾಣಿದಯಾ ಸಂಘ ಮಾತ್ರ ಲಂಡನ್ನಿನ ತನ್ನ ಕಚೇರಿಯಲ್ಲಿ ಸಭೆ ಸೇರಲು ಸ್ಥಳ ನೀಡಿತು. 1862ರಲ್ಲಿ ಚಾರ್ಲ್ಸ್ ಡಿಕನ್ಸ್ ಸಂಪಾದಕತ್ವದ ವಾರಪತ್ರಿಕೆಯಲ್ಲಿ, ಅದ್ದೂರಿ ಶ್ವಾನಪ್ರದರ್ಶನವನ್ನು ಈ ಬಡ ಶ್ವಾನಗೃಹದೊಂದಿಗೆ ಹೋಲಿಸಿದ ಲೇಖನ ಪ್ರಕಟವಾಯಿತು. ಅದು ಜನರ ಮನಸ್ಸನ್ನು ಇತ್ತ ಸೆಳೆಯಿತು.

ಆದರೆ ಮೇರಿ ಅವರ ಆಯುಷ್ಯ ಮುಗಿಯುತ್ತ ಬಂದಿತ್ತು. ಕ್ಯಾನ್ಸರ್ ಪೀಡಿತರಾದ ಅವರು 1865ರ ಅಕ್ಟೋಬರ್ 3ರಂದು ಬಿಗಲ್ಸ್‌ವೇಡ್‌ನಲ್ಲಿ ನಿಧನ ಹೊಂದಿದರು. ಸಂಸ್ಥೆಗೆ ಆಗಿನ್ನೂ ಐದೇ ವರ್ಷ.

ಬೊಗಳುವ ಸದ್ದಿನ ಬಗೆಗೆ ನೆರೆಹೊರೆಯವರ ದೂರುಗಳು ಹೆಚ್ಚಿದ್ದರಿಂದ 1871ರಲ್ಲಿ ಗೃಹವು ಬ್ಯಾಟರ್ಸಿಗೆ ಸ್ಥಳಾಂತರಗೊಂಡಿತು. 1883ರಲ್ಲಿ ಬೆಕ್ಕುಗಳಿಗೂ ಬಾಗಿಲು ತೆರೆಯಿತು. 1885ರಲ್ಲಿ ವಿಕ್ಟೋರಿಯಾ ರಾಣಿ ಪೋಷಕಿಯಾದರು. ಆದರೆ ಈ ಚರಿತ್ರೆ ಕೇವಲ ಸಂತಸದ್ದಲ್ಲ. 1867ರ ಕಾಯಿದೆಯ ಅನಂತರ ಪೊಲೀಸರು ಹಿಡಿದು ತಂದ ನಾಯಿಗಳ ಸಂಖ್ಯೆ ಮಿತಿಮೀರಿತು. ಯಾರೂ ಕೇಳದ ಅಸಂಖ್ಯ ನಾಯಿಗಳನ್ನು ಅಲ್ಲಿಯೇ ಕೊಲ್ಲಲಾಯಿತು. ಕಾಪಾಡುವುದಕ್ಕಿಂತ ಕಾಪಾಡಿದ ಜೀವಕ್ಕೆ ತಕ್ಕ ಮನೆ ದೊರಕಿಸುವುದೇ ಕಷ್ಟ ಎಂಬುದನ್ನು ಆ ದಿನಗಳು ತೋರಿಸಿಕೊಟ್ಟವು.

ಈ ಕಷ್ಟ ಇಂದಿಗೂ ತೀರಿಲ್ಲ. ಆದ್ದರಿಂದಲೇ ಈಗ ಅನೇಕ ಆಶ್ರಯಧಾಮಗಳು ದತ್ತು ಪಡೆಯುವವರಿಂದ ಒಪ್ಪಂದ ಬರೆಸಿಕೊಳ್ಳುತ್ತವೆ. ಸಾಕಲಾಗದಿದ್ದರೆ ಪ್ರಾಣಿಯನ್ನು ಬೀದಿಗೆ ಬಿಡದೆ, ಪರರಿಗೆ ದಾಟಿಸದೆ, ಆಶ್ರಯಧಾಮಕ್ಕೇ ಮರಳಿಸಬೇಕೆಂಬುದು ಅದರ ಮುಖ್ಯ ಷರತ್ತು. ನಾಯಿಯನ್ನು ಕೊಟ್ಟ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ ಎಂಬುದೇ ಅದರ ತಾತ್ಪರ್ಯ. ಅಂದು ಒಡೆಯನಿಗೆ ಮರಳಿಸಲು ನಿಯಮ ಬೇಕಿತ್ತು. ಇಂದು ಒಡೆಯನಿಂದ ಮರಳಿ ಪಡೆಯಲು ನಿಯಮ ಬೇಕಾಗಿದೆ.

ಕುದುರೆಲಾಯದಲ್ಲಿ ಆರಂಭವಾದ ಆ ಗೃಹ ಈವರೆಗೆ 30 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಬರಮಾಡಿಕೊಂಡಿದೆ. ನಕ್ಕವರ ಹೆಸರುಗಳು ಮರೆತುಹೋಗಿವೆ. ಮೇರಿ ಟೀಲ್ಬಿ ತೆರೆದ ಬಾಗಿಲು ಇನ್ನೂ ಮುಚ್ಚಿಲ್ಲ.