ಕಲ್ಲಿಗೂ ಒಂದು ಊರಿದೆ: ರಾಬರ್ಟ್ ಬ್ರೂಸ್ ಫೂಟ್

ಹೋದ ವರ್ಷ ಉತ್ತರ ಕರ್ನಾಟಕ ಪ್ರವಾಸದಲ್ಲಿ ಹಳ್ಳವೊಂದರ ದಂಡೆಯಿಂದ ಪದರ ಪದರವಾಗಿ ಗುರುತುಗಳಿದ್ದ ಕಲ್ಲೊಂದನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದೆ. ಉಪನ್ಯಾಸಕರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ಇದು ಯಾವ ಊರಿನದೆಂದು. ನನಗೆ ನೆನಪಿರಲಿಲ್ಲ. ಅಂದು ಅವರು ಹೇಳಿದ ಹೆಸರು ರಾಬರ್ಟ್ ಬ್ರೂಸ್ ಫೂಟ್. ಅವರ ಬಗ್ಗೆ ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಸೇರಿದರು. ಬಂಡೆಗಳನ್ನು ಪರೀಕ್ಷಿಸಿ ನಕ್ಷೆ ಮಾಡುವುದು ಅವರ ನೌಕರಿ. 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಅವರಿಗೆ ಶಿಲಾಯುಗದ ಮನುಷ್ಯ ಕೆತ್ತಿದ ಕಲ್ಲಿನ ಆಯುಧ ಸಿಕ್ಕಿತು. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಅದೇ ನಾಂದಿಯಾಯಿತು.

ನಮ್ಮ ನಾಡಿನಲ್ಲೂ ಅವರು ಬಹಳ ಕೆಲಸ ಮಾಡಿದರು. ಧಾರವಾಡದ ಹೆಸರಿನಲ್ಲಿ ಇಂದು ನಾವು ಓದುವ ಪುರಾತನ ಶಿಲಾವರ್ಗವನ್ನು ಗುರುತಿಸಿದವರು ಅವರೇ. ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನೂ ಸಂಗನಕಲ್ಲಿನ ನೆಲೆಯನ್ನೂ ಪರಿಶೀಲಿಸಿದರು. ನನ್ನನ್ನು ಬೆರಗುಗೊಳಿಸಿದ್ದು ಗೋಕಾಕದ ಸಂಗತಿ. ಅಲ್ಲಿನ ಹಳ್ಳಿಯೊಂದರ ಬಳಿ ಅವರಿಗೆ ಖಡ್ಗಮೃಗದ ಪಳೆಯುಳಿಕೆ ದೊರೆಯಿತು. ಇಂದು ಕರ್ನಾಟಕದ ಯಾವ ಕಾಡಿನಲ್ಲೂ ಇಲ್ಲದ ಪ್ರಾಣಿ ಒಂದು ಕಾಲಕ್ಕೆ ಇಲ್ಲಿ ಮೇಯುತ್ತಿತ್ತು! 1874ರಲ್ಲಿ ಅವರು ಅದರ ವಿವರ ಪ್ರಕಟಿಸಿ, ದಕ್ಕನ್ನಿನ ಹೆಸರನ್ನೇ ಅದಕ್ಕೆ ಇಟ್ಟರು.

ಸಿಕ್ಕ ವಸ್ತುವಿನ ಜೊತೆಗೆ ಸಿಕ್ಕ ಜಾಗವನ್ನೂ ಬರೆದಿಡುವುದು ಅವರ ಪದ್ಧತಿ. 1891ರಲ್ಲಿ ನಿವೃತ್ತರಾದ ಮೇಲೆ ಬರೋಡ ಮತ್ತು ಮೈಸೂರು ಸಂಸ್ಥಾನಗಳಲ್ಲಿಯೂ ಕೆಲಸ ಮಾಡಿದರು. ನಲವತ್ತು ವರ್ಷಗಳಲ್ಲಿ ಕೂಡಿಟ್ಟ ಅವರ ಸಂಗ್ರಹ ಚೆಲ್ಲಾಪಿಲ್ಲಿಯಾಗಲಿಲ್ಲ. 1904ರಲ್ಲಿ ಮದ್ರಾಸಿನ ಸರ್ಕಾರಿ ಸಂಗ್ರಹಾಲಯ ಅದನ್ನು ಇಡಿಯಾಗಿ ಕೊಂಡಿತು. 1912ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಸಂಗ್ರಹದ ವಿವರಪಟ್ಟಿ ಅಚ್ಚಾದದ್ದು ಆಮೇಲೆ. ಇಂದು ಬಳ್ಳಾರಿಯಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ.

ಅವರ ಕಾಲದ ಕಾನೂನು ಇಂಥ ವಸ್ತುಗಳನ್ನು ಹೇಗೆ ನೋಡುತ್ತಿತ್ತು? 1878ರ ನಿಧಿ ಕಾಯಿದೆಯ ಪ್ರಕಾರ ಮಣ್ಣಿನಲ್ಲಿ ಹುದುಗಿದ ವಸ್ತುವಿನ ಬೆಲೆ ಹತ್ತು ರೂಪಾಯಿ ಮೀರಿದರೆ ಕಲೆಕ್ಟರಿಗೆ ತಿಳಿಸಬೇಕಿತ್ತು. ಆದರೆ ಎಲುಬಿನ ಕಲ್ಲಿಗೆ ಸಂತೆಯಲ್ಲಿ ಯಾರು ಹತ್ತು ರೂಪಾಯಿ ಕೊಡುತ್ತಾರೆ? 1972ರ ಪುರಾತನ ವಸ್ತುಗಳ ಕಾಯಿದೆ ವಿಗ್ರಹ, ನಾಣ್ಯ, ಹಸ್ತಪ್ರತಿಗಳಿಗೆ ರಕ್ಷಣೆ ಕೊಟ್ಟಿತು. ಪಳೆಯುಳಿಕೆಗಳನ್ನೂ ಹೆಸರಿಸಿ ಕಾಪಾಡುವ ಕರಡು ಮಸೂದೆಯನ್ನು ಕೇಂದ್ರ ಗಣಿ ಸಚಿವಾಲಯ ಪ್ರಕಟಿಸಿದ್ದು 2022ರಲ್ಲಿ. ಫೂಟ್ ತೀರಿಕೊಂಡು ಆಗಲೇ 110 ವರ್ಷಗಳಾಗಿದ್ದವು.

ನಮ್ಮ ಕೊಡಗಿನ ನೆಲ ಬಹುಪಾಲು ತೀರ ಹಳೆಯ ಗಟ್ಟಿ ಬಂಡೆಯದು. ಅದರಲ್ಲಿ ಖಡ್ಗಮೃಗದ ಎಲುಬು ಸಿಗಲಾರದು. ಆದರೆ ಹಿರಿಯರು ಪಾಂಡು ಪಾರೆ ಎನ್ನುವ ಕಲ್ಲಿನ ಸಮಾಧಿಗಳು ಇಲ್ಲಿವೆ. ತೋಟದಲ್ಲಿ ಕೆರೆ ತೋಡುವಾಗ, ರಸ್ತೆಗೆ ಜೆಸಿಬಿ ಬಂದಾಗ ಹಳೆಯ ಮಡಕೆಯೋ ಕಲ್ಲೋ ಕಾಣಿಸಿಕೊಳ್ಳಬಹುದು. ಆಗ ಅದನ್ನು ಕೀಳದೆ, ತೊಳೆಯದೆ, ಇದ್ದಲ್ಲೇ ಫೋಟೋ ತೆಗೆದು, ಜಾಗ ಗುರುತು ಹಾಕಿಕೊಂಡು ಉಪನ್ಯಾಸಕರಿಗೋ ತಾಲ್ಲೂಕು ಕಚೇರಿಗೋ ತಿಳಿಸಬೇಕು.

ನಂಬಿ ಒಪ್ಪಿಸಿದ ವಸ್ತುವನ್ನು ಜೋಪಾನವಾಗಿ ಹಿಂದಿರುಗಿಸಬೇಕು, ಅದು ಅಮಾನತ್ ಎಂದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಕಲಿಸುತ್ತಾರೆ. ಭೂಮಿಯೊಳಗಿನ ಈ ಗುರುತುಗಳೂ ಅಂಥದ್ದೇ ಅಮಾನತ್. ಮುಂದೆ ಹುಟ್ಟುವವರಿಗೂ ಅದರಲ್ಲಿ ಪಾಲಿದೆ. ನಾನು ತಂದ ಕಲ್ಲು ಈಗಲೂ ನನ್ನ ಮೇಜಿನ ಮೇಲಿದೆ. ಅದನ್ನು ಹಿಂದಿರುಗಿಸೋಣವೆಂದರೆ ಯಾವ ಊರಿಗೆಂದು ನನಗೆ ಗೊತ್ತಿಲ್ಲ.