ಹೊಗೆಯಿಲ್ಲದ ಮದ್ದು: ಪಾಲ್ ವಿಯೇಯ್

ಫ್ರೆಂಚ್ ಸೇನೆಯ 1886ರ 8 ಮಿ.ಮೀ. ತೋಟಾವು ಲೆಬೆಲ್ ಎಂಬ ಸೇನಾಧಿಕಾರಿಯ ಹೆಸರಿನಿಂದ ಪ್ರಸಿದ್ಧವಾಗಿದೆ. ಆದರೆ ಅದರೊಳಗಿನ ಮದ್ದು ರಸಾಯನವಿಜ್ಞಾನಿ ಪಾಲ್ ವಿಯೇಯ್ ಅವರದು. ತೋಟಾದ ಹಿರಿಮೆಯೆಲ್ಲ ಆ ಮದ್ದಿನಲ್ಲಿಯೇ ಇತ್ತು.

1854ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದ ವಿಯೇಯ್, ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ವ್ಯಾಸಂಗ ಮುಗಿಸಿ ಸರ್ಕಾರದ ಮದ್ದಿನ ಪ್ರಯೋಗಶಾಲೆಯನ್ನು ಸೇರಿದರು. ಅಂದು ಬಳಕೆಯಲ್ಲಿದ್ದುದು ಗಂಧಕ, ಇದ್ದಿಲು, ಪೆಟ್ಲುಪ್ಪುಗಳ ಕರಿಮದ್ದು. ಉರಿದಾಗ ಅದರ ಅರ್ಧಕ್ಕೂ ಹೆಚ್ಚು ತೂಕ ಅನಿಲವಾಗದೆ ಘನಕಣಗಳಾಗಿ ಉಳಿಯುತ್ತಿತ್ತು. ಕೆಲವು ಕಣಗಳು ಹೊಗೆಯಾಗಿ ಗುಂಡು ಹಾರಿಸಿದವನ ಕಣ್ಣನ್ನೇ ಮರೆಸಿ, ಅವನಿದ್ದ ಜಾಗವನ್ನು ಶತ್ರುವಿಗೆ ತೋರಿಸುತ್ತಿದ್ದವು. ಉಳಿದವು ನಳಿಗೆಯೊಳಗೆ ಕಿಟ್ಟಗಟ್ಟುತ್ತಿದ್ದವು. ಗುಂಡಿನ ವೇಗ ಹೆಚ್ಚಿಸಲು ನಳಿಗೆಯನ್ನು ಕಿರಿದು ಮಾಡಿದರೆ ಈ ಕಿಟ್ಟವೇ ಅಡ್ಡಿ. ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದ ಸಿಡಿಹತ್ತಿ 1846ರಿಂದಲೇ ಪರಿಚಿತವಾಗಿತ್ತು. ಹೊಗೆಯ ಕಾಟ ಅದಕ್ಕಿರಲಿಲ್ಲ. ಆದರೆ ಎಳೆಗಳ ಸಂದುಗಳಲ್ಲೆಲ್ಲ ಬೆಂಕಿ ಒಮ್ಮೆಗೇ ಹೊಕ್ಕು ನಳಿಗೆಯನ್ನೇ ಒಡೆಯುವಷ್ಟು ಅದು ಉಗ್ರ.

ವಿಯೇಯ್ ಆ ಹತ್ತಿಯನ್ನು ಈಥರ್ ಮತ್ತು ಆಲ್ಕೊಹಾಲಿನಲ್ಲಿ ನೆನೆಸಿ, ಕಣಕದಂತೆ ನಾದಿ, ತೆಳುವಾದ ಹಾಳೆಯಾಗಿ ಒತ್ತಿ, ಚಿಕ್ಕ ಬಿಲ್ಲೆಗಳಾಗಿ ಕತ್ತರಿಸಿದರು. ಸಂದುಗಳು ಮುಚ್ಚಿಹೋದ ಬಿಲ್ಲೆಯಲ್ಲಿ ಬೆಂಕಿ ಮೇಲ್ಮೈಯಿಂದ ಒಳಕ್ಕೆ ಪದರ ಪದರವಾಗಿಯೇ ಸಾಗಬೇಕು; ಎಷ್ಟು ಹೊತ್ತು ಉರಿಯಬೇಕೆಂಬುದನ್ನು ಬಿಲ್ಲೆಯ ದಪ್ಪವೇ ನಿರ್ಧರಿಸುತ್ತದೆ. ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಮದ್ದನ್ನು ಉರಿಸಿ ಒತ್ತಡವನ್ನು ಅಳೆದ ವರ್ಷಗಳ ಶ್ರಮಕ್ಕೆ 1884ರಲ್ಲಿ ಫಲ ದೊರೆಯಿತು. ಅದೇ ‘ಬಿ’ ಮದ್ದು.

1886ರಲ್ಲಿ ಯುದ್ಧಮಂತ್ರಿಯಾದ ಜನರಲ್ ಬೂಲಾಂಜೆಗೆ ಹೊಸ ಬಂದೂಕು ತಕ್ಷಣವೇ ಬೇಕಾಗಿತ್ತು. ಹೊಸ ತೋಟಾವನ್ನು ಮೊದಲಿನಿಂದ ರೂಪಿಸಲು ವ್ಯವಧಾನವಿರಲಿಲ್ಲ. ಹಳೆಯ 11 ಮಿ.ಮೀ. ಗ್ರಾ ತೋಟಾದ ಕವಚಕ್ಕೇ ಕಿರಿದಾದ ಕೊರಳು ಕೊಟ್ಟರು. ಅವಸರದ ಆ ದಪ್ಪ ಬುಡದ ಕವಚ ಫ್ರೆಂಚ್ ಬಂದೂಕುಗಳನ್ನು ದಶಕಗಳ ಕಾಲ ಕಾಡಿತು. ಗುಂಡಿನ ವೇಗವಾದರೋ ಸೆಕೆಂಡಿಗೆ ಸುಮಾರು 450 ಮೀಟರಿನಿಂದ 600 ಮೀಟರನ್ನು ದಾಟಿತು. ಉಳಿದ ದೇಶಗಳೂ ಬೇಗನೆ ಹೊಗೆಯಿಲ್ಲದ ಮದ್ದಿಗೆ ತಿರುಗಿದವು. ಬ್ರಿಟಿಷರು ಕಂಡುಕೊಂಡ ಕಾರ್ಡೈಟ್ ಮದ್ದಿನ ಕಾರ್ಖಾನೆಯೊಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೀಲಗಿರಿಯ ಅರವಂಕಾಡಿನಲ್ಲಿ ನೆಲೆಗೊಂಡಿತು.

ವಿಯೇಯ್ ಅವರ ಆಸಕ್ತಿ ಮದ್ದಿಗೇ ನಿಲ್ಲಲಿಲ್ಲ. ಶಬ್ದಕ್ಕಿಂತ ವೇಗವಾಗಿ ಸಾಗುವ ಆಘಾತ ತರಂಗವನ್ನು ಅಳೆಯಲು 1899ರಲ್ಲಿ ಅವರು ಬಳಸಿದ ಕೊಳವೆಯ ವಿಧಾನ ಇಂದಿಗೂ ಪ್ರಯೋಗಶಾಲೆಗಳಲ್ಲಿದೆ. 1904ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ದೊರೆಯಿತು.

ಅಷ್ಟರಲ್ಲಿ ಮದ್ದಿನ ದೋಷ ತಲೆದೋರಿತು. ಸಂಗ್ರಹದಲ್ಲಿ ಹಳತಾದಂತೆ ಅದು ತಾನಾಗಿಯೇ ಕೊಳೆತು ಬಿಸಿಯೇರುತ್ತಿತ್ತು. ತೂಲೋನ್ ಬಂದರಿನಲ್ಲಿ 1907ರ ಮಾರ್ಚಿನಲ್ಲಿ ‘ಇಯೆನಾ’ ಯುದ್ಧನೌಕೆ ಸಿಡಿದು ನೂರಕ್ಕೂ ಹೆಚ್ಚು ಮಂದಿ ಮಡಿದರು. 1911ರ ಸೆಪ್ಟೆಂಬರಿನಲ್ಲಿ ಅಲ್ಲಿಯೇ ‘ಲಿಬೆರ್ತೆ’ ಸ್ಫೋಟಿಸಿ ಸತ್ತವರು ಸುಮಾರು ಮುನ್ನೂರು. ಯಾವ ಶತ್ರುವೂ ಅಲ್ಲಿರಲಿಲ್ಲ. ಮದ್ದು ಕೊಳೆಯದಂತೆ ತಡೆಯಲು ಡೈಫಿನೈಲಮೀನನ್ನು ಬೆರೆಸುವ ಕ್ರಮ ಅನಂತರ ನೆಲೆಗೊಂಡಿತು. ಹಾಗೆ ತಿದ್ದಿದ ಮದ್ದಿನಿಂದಲೇ ಫ್ರೆಂಚ್ ಸೈನಿಕರು 1914ರ ಮಹಾಯುದ್ಧಕ್ಕೆ ಹೊರಟರು. ವಿಯೇಯ್ ಆ ಯುದ್ಧದ ಅಂತ್ಯವನ್ನೂ ಕಂಡು, 1934ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.