ಪಟ್ಟು ನಲವತ್ತು, ತತ್ವ ಒಂದು
ಜಪಾನಿನ ಜಿಗೊರೊ ಕಾನೊ (1860–1938) ಬಾಲ್ಯದಲ್ಲಿ ಕುಳ್ಳಗೆ, ತೆಳ್ಳಗಿದ್ದರು. ಶಾಲೆಯಲ್ಲಿ ಬಲಿಷ್ಠ ಹುಡುಗರ ಕಾಟ ತಾಳಲಾರದೆ ಜುಜುತ್ಸು ಕಲಿಯಬೇಕೆಂದುಕೊಂಡರು. ಪಟ್ಟು ಹೇಗೆ ಫಲಿಸುತ್ತದೆ ಎಂದು ಕೇಳಿದರೆ ಮೊದಲ ಗುರುಗಳು ವಿವರಿಸುತ್ತಿರಲಿಲ್ಲ. ಮತ್ತೊಮ್ಮೆ ಎತ್ತಿ ಒಗೆಯುತ್ತಿದ್ದರು.

ಉತ್ತರವನ್ನು ಕಾನೊ ತಾವೇ ಹುಡುಕಿದರು. ಎದುರಾಳಿಯ ಸಮತೋಲನ ತಪ್ಪಿಸಿದರೆ ಸಣ್ಣ ದೇಹವೂ ದೊಡ್ಡದನ್ನು ಕೆಡವಬಲ್ಲದು! 1882ರಲ್ಲಿ ಟೋಕಿಯೊದ ಬೌದ್ಧ ದೇವಾಲಯವೊಂದರಲ್ಲಿ ಬೆರಳೆಣಿಕೆಯ ಶಿಷ್ಯರೊಂದಿಗೆ ಕೊಡೊಕನ್ ಶಾಲೆ ತೆರೆದರು. ಅಲ್ಲಿ ಕಲಿಸಿದ ವಿದ್ಯೆಯೇ ಜೂಡೊ.

ವೃತ್ತಿಯಿಂದ ಅಧ್ಯಾಪಕರಾದ ಅವರಿಗೆ ಪಠ್ಯಕ್ರಮದ ಬೆಲೆ ಗೊತ್ತಿತ್ತು. 1895ರಲ್ಲಿ ಎಸೆತಗಳನ್ನು 5 ಗುಂಪುಗಳಾಗಿ ಜೋಡಿಸಿದರು. 1920ರ ಪರಿಷ್ಕರಣೆಯ ನಂತರ ಗುಂಪಿಗೆ 8ರಂತೆ ಒಟ್ಟು 40 ಎಸೆತಗಳಾದವು. ಆದರೆ ಪಟ್ಟಿಯನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ವಿದ್ಯೆ ಕೈಗೆ ಬರುವುದಿಲ್ಲವಲ್ಲ? ಅದಕ್ಕೇ ಕ್ರಮಬದ್ಧ ‘ಕಟಾ’ ಜೊತೆಗೆ ‘ರಂದೋರಿ’ ಎಂಬ ಮುಕ್ತ ಸೆಣಸಾಟವನ್ನೂ ಇಟ್ಟರು. ಅಲ್ಲಿ ಎದುರಾಳಿ ಮುಂದೇನು ಮಾಡುತ್ತಾನೆಂದು ಗೊತ್ತಿರುವುದಿಲ್ಲ. ನೆರವಿಗೆ ಬರುವುದು ತತ್ವ ಮಾತ್ರ. ಇರುವ ಶಕ್ತಿಯನ್ನು ಅತ್ಯುತ್ತಮವಾಗಿ ಬಳಸು ಎಂಬುದೇ ಆ ತತ್ವ.

1964ರಲ್ಲಿ ಜೂಡೊ ಟೋಕಿಯೊ ಒಲಿಂಪಿಕ್ಸ್ ಸೇರಿತು. ಅದನ್ನು ನೋಡಲು ಕಾನೊ ಇರಲಿಲ್ಲ.

ಪರೀಕ್ಷೆ, ಉದ್ಯೋಗ ಎಂದು ಓದುತ್ತಿರುವ ನಮಗೂ ಸಿಲೆಬಸ್ ಬೇಕೇ ಬೇಕು. ಆದರೆ ಸಂದರ್ಶನದ ಕೋಣೆಯಲ್ಲಿ ಪ್ರಶ್ನೆಗಳು ಸಿಲೆಬಸ್ಸಿನ ಕ್ರಮದಲ್ಲಿ ಬರುವುದಿಲ್ಲ. ಅಲ್ಲಿ ನಡೆಯುವುದು ರಂದೋರಿ. ಪ್ರತಿ ಪಾಠದ ‘ಏಕೆ’ಯನ್ನು ಅರಿತವರು ಅಲ್ಲಿ ಸಮತೋಲನ ಕಳೆದುಕೊಳ್ಳುವುದಿಲ್ಲ.